ಕಾಂತಪ್ಪನ ಎರಡು ಸೂತು

ಕಾಂತಪ್ಪನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ಲೋಟ ಕಾಫಿಯಿಂದ. ಮುಂಬಯಿಯ ಗೋರೆಗಾಂವ್‌ನ ಕೇಶವಮೂರ್ತಿಯವರ ಫ್ಲ್ಯಾಟಿನಲ್ಲಿ ಬೆಡ್‌ರೂಮಿನ ವಾರ್ಡ್‌ರೋಬಿನ ಕೆಲಸ ಅವನದು, ಅಡುಗೆಮನೆಯದು ಸಾಯಬಣ್ಣನದು. ಇಬ್ಬರೂ ಯಾದಗಿರಿ ಕಡೆಯ ಬಡಿಗರೇ. ಆದರೂ ಆ ಬೆಳಿಗ್ಗೆ ಮನೆಯೊಡತಿ ಸರಸ್ವತಮ್ಮ ಸಾಯಬಣ್ಣನಿಗೆ ಸ್ಟೀಲ್ ಲೋಟದಲ್ಲಿ ಫಿಲ್ಟರ್ ಕಾಫಿ ಕೊಟ್ಟರು, ಇವನಿಗೆ ಕಾಗದದ ಕಪ್ಪಿನಲ್ಲಿ ಚಹಾ.

ಎಲ್ಲಕ್ಕೂ ಕಾರಣ ಸಾಯಬಣ್ಣ ಹೊಸದಾಗಿ ತಂದ ಟ್ರ್ಯಾಕ್ ಸಾ, ಹಳಿಯ ಮೇಲೆ ಓಡುವ ಕರೆಂಟ್ ಗರಗಸ. ಪ್ಲೈವುಡ್ಡಿನ ಎರಡು ತುದಿಗೆ ಪೆನ್ಸಿಲ್ ಗುರುತು ಹಾಕಿ, ಗುರುತಿಗೆ ಅಲ್ಯೂಮಿನಿಯಂ ಹಳಿಯ ಅಂಚು ಕೂಡಿಸಿ, ಹಳಿಯ ಮೇಲೆ ಗರಗಸ ತಳ್ಳಿದರೆ ಮುಗಿಯಿತು. ಎಂಟಡಿ ಹಲಗೆ ನಿಮಿಷದಲ್ಲಿ ಉದ್ದಕ್ಕೂ ನೇರವಾಗಿ ಸೀಳುತ್ತಿತ್ತು. ಲೋಕಲ್ ಟ್ರೈನಿನ ಹಾಗೆಯೇ, ಆದರೆ ಲೇಟಾಗುತ್ತಿರಲಿಲ್ಲ. ಕಾಂತಪ್ಪನೋ ಇಪ್ಪತ್ತು ವರ್ಷದಿಂದ ಕಣ್ಣಳತೆಯಲ್ಲಿ ಕೊಯ್ದು, ಆಮೇಲೆ ಅರ್ಧ ದಿನ ಅಂಚು ತಿಕ್ಕುವವನು.

ಆಫೀಸಿಗೆ ಹೊರಟ ಕೇಶವಮೂರ್ತಿ ಉರಿಗೆ ತುಪ್ಪ ಸುರಿದರು. "ಸಂಜೆ ಬಂದು ಇಬ್ಬರ ಕೆಲಸಾನೂ ನೋಡ್ತೀನಿ. ಯಾರದು ನೀಟಾಗಿರುತ್ತೋ, ಮೇಲಿನ ಮಹಡೀಲಿರೋ ನನ್ನ ಭಾವಮೈದನ ಮನೆ ಕೆಲಸ ಪೂರ್ತಿ ಅವರಿಗೆ."

"ಮಾಡ್ತೀನ್ರಿ ಸಾಹೇಬ್ರ. ಹೆಗಲ ಭಾಳ ನೋಯ್ಲತ್ತದ, ಆದ್ರೂ ಮಾಡ್ತೀನಿ," ಎಂದು ಕಾಂತಪ್ಪ ನರಳಿದ. ಹೆಗಲಿಗೆ ಏನೂ ಆಗಿರಲಿಲ್ಲ. ಕನಿಕರ ಹುಟ್ಟಿದರೆ ನಾಳೆಯಾದರೂ ಕಾಫಿ ಸಿಕ್ಕೀತೆಂಬ ಆಸೆ.

ಮಧ್ಯಾಹ್ನ ಸಾಯಬಣ್ಣ ವಡಾಪಾವ್ ತರಲು ಕೆಳಗಿಳಿದ. ಹಾಲ್‌ನಲ್ಲಿ ಗುರುತು ಹಾಕಿದ ಹಲಗೆಯೊಂದು ಮಲಗಿತ್ತು. ಕಾಂತಪ್ಪ ಆಚೆ ಈಚೆ ನೋಡಿ, ಎರಡೂ ಗುರುತು ಅಳಿಸಿ, ಎರಡು ಸೂತು ಒಳಗೆ ಹೊಸದಾಗಿ ಗೀಚಿದ. ಇಂಚಿಗೆ ಎಂಟು ಸೂತು. ಬಾಗಿಲು ಹಲ್ಲು ಕಿರಿಯಲು ಎರಡು ಸಾಕು. ಅದು ಯಾವ ಹಲಗೆ, ಯಾವುದರ ಅಳತೆ ಎಂದು ನೋಡುವ ತಾಳ್ಮೆ ಹೊಟ್ಟೆಕಿಚ್ಚಿಗೆ ಎಲ್ಲಿಯದು. ಬೆಡ್‌ರೂಮಿಗೆ ಹೋಗಿ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ. ಹಾಲ್‌ನಲ್ಲಿ ಗರಗಸ ಸುಯ್ಯೆಂದಾಗ ಟವೆಲ್ಲಿನೊಳಗೇ ನಕ್ಕ.

ಸ್ವಲ್ಪ ಹೊತ್ತಿಗೆ ಸಾಯಬಣ್ಣ ಸೀಳಿದ ಹಲಗೆಯನ್ನು ಒಳಗೆ ಹೊತ್ತು ತಂದ. "ಏಳು ಕಾಂತಪ್ಪಣ್ಣ, ತಗೋ ನಿನ್ನ ವಾರ್ಡ್‌ರೋಬಿನ ಬಾಗಿಲ. ಹೆಗಲ ನೋವಂದಿ ಅಲ್ಲ, ಅದಕ್ಕ ನಿನ್ನ ಅಳತಿ ಚೀಟಿ ನೋಡಿ ಗುರ್ತ ಹಾಕಿದ್ದೆ. ಈ ಬಣ್ಣದ್ದು ಇದೊಂದೇ ಹಲಗಿ ಉಳದಿತ್ತು, ಒಂದು ಕೂದಲೂ ಆಕಡಿ ಈಕಡಿ ಆಗಿಲ್ಲ."

ಕಾಂತಪ್ಪ ಟವೆಲ್ ಸರಿಸಿ ಎದ್ದು ಕೂತ. ಮಾಡಿದ್ದುಣ್ಣೋ ಮಹರಾಯ ಎಂದು ಅವನ ಅವ್ವ ಸುಮ್ಮನೆ ಹೇಳುತ್ತಿರಲಿಲ್ಲ.

ಸಂಜೆ ಬಾಗಿಲು ಕೂಡಿಸಿದಾಗ ನಡುವೆ ಸಂದು ಬಾಯಿ ಬಿಟ್ಟಿತ್ತು. "ಮುಚ್ಚಿದ್ರೂ ನನ್ನ ಸೀರೆ ಅಂಚು ಕಾಣ್ಸುತ್ತಲ್ಲಪ್ಪ," ಎಂದರು ಸರಸ್ವತಮ್ಮ.

ಕೇಶವಮೂರ್ತಿ ಬಾಗಿಲಿನ ಅಂಚಿನ ಮೇಲೆ ಬೆರಳಾಡಿಸಿದರು. "ಕಟಿಂಗ್ ಏನೋ ನೇರವಾಗಿದೆ. ಅಳತೆ ಯಾರದು?"

ಸಾಯಬಣ್ಣ ಬಾಗಿಲಿಗೆ ಟೇಪು ಹಿಡಿದು, ಚೀಟಿಯನ್ನೊಮ್ಮೆ, ಕಾಂತಪ್ಪನನ್ನೊಮ್ಮೆ ನೋಡಿದ. ನಿಜ ಹೇಳಿದರೆ ಕಳ್ಳ, ಸುಳ್ಳು ಹೇಳಿದರೆ ಕೆಲಸಗೇಡಿ. ಕಾಂತಪ್ಪ ಎರಡನೆಯದನ್ನು ಆರಿಸಿಕೊಂಡ.

"ಅಳತಿ ನಂದೇ ತಪ್ಪ್ಯಾದ ಸಾಹೇಬ್ರ."

ಮೇಲಿನ ಮನೆ ಸಾಯಬಣ್ಣನ ಪಾಲಾಯಿತು. ಲಿಫ್ಟಿನಲ್ಲಿ ಇಳಿಯುವಾಗ ಅವನು ಕಾಂತಪ್ಪನ ಆ ಗಟ್ಟಿಮುಟ್ಟಾದ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟ.

"ಬ್ಯಾಸರ ಮಾಡ್ಕೋಬ್ಯಾಡ ಅಣ್ಣ. ಮ್ಯಾಲಿನ ಮನಿಗಿ ನೀನೂ ಬಾ, ಹಲಗಿ ಹಿಡೀಲಾಕ ಒಬ್ರು ಬೇಕು. ಪೆನ್ಸಿಲ್ ಮಾತ್ರ ನನ್ನ ಕಡೀನೇ ಇರ್ಲಿ."