ಏರು ಬಂತು, ಇಳೀತೀನಿ

ಈ ಭೂಮಿಯ ಮೇಲೆ ಏರು ಎಂಬುದೊಂದು ಇಲ್ಲದೇ ಹೋಗಿದ್ದರೆ, ನಮ್ಮ ಅತ್ಯಾ ತೀರ ಸಾಮಾನ್ಯ ಹೆಂಗಸು ಎಂದು ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳುತ್ತಿದ್ದೆ. ಅವರ ಹುಚ್ಚು ಅರ್ಧ ಆಯುಷ್ಯ ಯಾರ ಕಣ್ಣಿಗೂ ಬೀಳದೆ ಉಳಿದದ್ದಕ್ಕೆ ಕಾರಣ ನಮ್ಮ ರೋಣ. ಅಂಗೈಯಷ್ಟು ಸಪಾಟಾದ ಎರೆಭೂಮಿ. ಹತ್ತಿ, ಜೋಳ, ಕಡಲೆ, ಮತ್ತೆ ಹತ್ತಿ. ಇಂಥ ಊರಿನಲ್ಲಿ ಒಬ್ಬರಿಗೆ ಏರಿನ ಹುಚ್ಚಿದ್ದರೆ ತಿಳಿಯುವುದಾದರೂ ಹೇಗೆ?

ಅತ್ಯಾ ಎಂದರೆ ನನ್ನ ಮಾವನವರ ಅಕ್ಕ. ಆಡುವ ವಯಸ್ಸಿನಲ್ಲಿ ಮದುವೆಯಾಗಿ, ಗಂಡನ ಮುಖ ನೆನಪಿನಲ್ಲಿ ಕೂರುವ ಮೊದಲೇ ತವರಿಗೆ ಮರಳಿದವರು. ಆಮೇಲೆ ತಮ್ಮನನ್ನು ಬೆಳೆಸಿದರು, ತಮ್ಮನ ಮಕ್ಕಳನ್ನು ಬೆಳೆಸಿದರು, ನಾನು ಸೊಸೆಯಾಗಿ ಬಂದ ಮೇಲೆ ನನ್ನನ್ನೂ ಬೆಳೆಸಲು ಶುರುಮಾಡಿದರು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಮೇಜುಬಟ್ಟೆಯ ಅಂಚಿಗೆ ಹೂಬಳ್ಳಿ ಹೆಣೆಯಲು ಬರುತ್ತಿತ್ತು, ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಅತ್ಯಾ ಬೈಯಲಿಲ್ಲ. ನನ್ನ ಪಾಲಿನ ರೊಟ್ಟಿಯನ್ನೂ ತಾವೇ ಬಡಿದು, ಅತ್ತೆಯವರು ಬರುವ ಹೊತ್ತಿಗೆ ನನ್ನ ಕೈಗೆ ಒಂದಿಷ್ಟು ಹಿಟ್ಟು ಸವರಿ ಕೂಡಿಸುತ್ತಿದ್ದರು.

ಒಂದು ಮಾತ್ರ ನನಗೆ ಬಂದ ಹೊಸದರಲ್ಲೇ ಕಂಡಿತ್ತು. ಅವರು ಎಲ್ಲಿಯೂ ಪೂರ್ತಿ ಕೂಡುತ್ತಿರಲಿಲ್ಲ. ಚಾಪೆ ಹಾಸಿದರೆ ಅದರ ತುದಿ. ಮಣೆ ಕೊಟ್ಟರೆ ಅದರ ಮೂಲೆ. ಊಟ ಎಲ್ಲರದೂ ಮುಗಿದ ಮೇಲೆ, ಅದೂ ಒಲೆಯ ಪಕ್ಕ, ಯಾರೋ ಈಗ ಎಬ್ಬಿಸುತ್ತಾರೆ ಎಂಬಂತೆ ಒಂದು ಮೊಣಕಾಲು ಮೇಲೆತ್ತಿಕೊಂಡು.

ಇನ್ನು ಏರಿನ ವಿಷಯ. ಚಕ್ಕಡಿಯಲ್ಲಿ ಹೋಗುವಾಗ ಏರು ಬಂದರೆ ಎತ್ತುಗಳಿಗೆ ಭಾರವಾಗಬಾರದೆಂದು ಇಳಿದು ನಡೆಯುವುದು ನಮ್ಮ ಕಡೆಯ ಹಳೆಯ ರೂಢಿ. ಗಟ್ಟಿ ಕಾಲಿನವರು ಇಳಿಯುತ್ತಾರೆ. ಮುದುಕರು, ಮಕ್ಕಳು, ಬಸುರಿಯರು ಕೂತಿರುತ್ತಾರೆ. ಅತ್ಯಾ ಕೂತವರ ಯಾದಿಗೆ ಸೇರಲು ಎಂದೂ ಒಪ್ಪಲಿಲ್ಲ. ಲಕ್ಕಲಕಟ್ಟಿಯ ಹೊಲಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳವಿದೆ. ಹಳ್ಳದ ದಂಡೆ ಎತ್ತಿನ ಕಣ್ಣಿಗೆ ಬೀಳುವ ಮೊದಲೇ, "ಏರು ಬಂತು, ಇಳೀತೀನಿ," ಎಂದು ಅವರು ನೆಲದ ಮೇಲಿರುತ್ತಿದ್ದರು. ಒಮ್ಮೆ ಚಕ್ಕಡಿ ಹೊಡೆಯುವವನು ಹಿಂತಿರುಗಿ ನೋಡದೆ ಹೊಲ ಮುಟ್ಟಿದ. ಬಹಳ ಹೊತ್ತಿನ ಮೇಲೆ ಅತ್ಯಾ ನಡೆದು ಬಂದರು. ಏರು ಮುಗಿದ ಮೇಲಾದರೂ ಕೂಗಬಾರದಿತ್ತೇ ಎಂದರೆ, ಓಡುತ್ತಿರುವ ಚಕ್ಕಡಿ ನಿಲ್ಲಿಸಿದರೆ ಎತ್ತು ಮತ್ತೆ ಮೊದಲಿನಿಂದ ಎಳೆಯಬೇಕಲ್ಲ, ಪಾಪ ಎಂದರು!

ಮುಂದೆ ನಮ್ಮೂರಿನಿಂದ ಗಜೇಂದ್ರಗಡಕ್ಕೆ ಬಸ್ಸು ಶುರುವಾಯಿತು. ಆ ದಾರಿಯಲ್ಲೊಂದು ದಿಬ್ಬ. ದಿಬ್ಬದಲ್ಲಿ ಬಸ್ಸು ನರಳತೊಡಗಿದ್ದೇ ತಡ, ಅತ್ಯಾ ಎದ್ದು ನಿಂತು ಇಳಿಸಲು ಹೇಳಿದರು. ಅವರು ಇಳಿದದ್ದನ್ನು ನೋಡಿ, ಸೀರೆಯ ಗಂಟು ಹಿಡಿದು ಕೂತಿದ್ದ ಇನ್ನಿಬ್ಬರು ಹೆಂಗಸರಿಗೂ ನಾಚಿಕೆಯಾಗಿ ಅವರೂ ಇಳಿದರು. ಡ್ರೈವರ್ ಹಣೆ ಬಡಿದುಕೊಂಡ.

"ಯವ್ವಾ, ಇದು ಎತ್ತಲ್ರೀ, ಇಂಜಿನ್ ಐತಿ."

"ಎತ್ತಾದ್ರ ಬಾಯಿಮುಚಿಗೊಂಡು ಎಳೀತೈತೋ ತಮ್ಮಾ," ಎಂದರು ಅತ್ಯಾ, "ಇದು ಒದರಾಕ ಹತ್ತೇತಿ."

ಆ ಡ್ರೈವರ್ ಏನು ಉತ್ತರ ಕೊಡಬೇಕಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತಿರುತ್ತೇನೆ. ಸಿಕ್ಕಿಲ್ಲ.

ಇಂಥವರು ಹಿಮಾಲಯಕ್ಕೆ ಹೋಗುತ್ತೇನೆಂದರೆ?

ಕನ್ನಡ ನಾಡು ಒಂದಾದ ಮರುವರ್ಷ ಗದಗಿನಿಂದ ಒಂದು ಯಾತ್ರೆಯ ಗುಂಪು ಹೊರಟಿತ್ತು. ಅಲ್ಲಿಯ ತುಂಗನಾಥನ ಗುಡಿಯವರೆಗೆ ಹೋಗಿ, ಗುಡಿಗಿಂತ ಮೇಲಿರುವ ಬೆಟ್ಟದ ಶಿಖರವನ್ನೂ ಹತ್ತಿಸಿಕೊಂಡು ಬರುತ್ತಾರಂತೆ. ಜನ್ಮದಲ್ಲಿ ಒಂದು ಕುಪ್ಪಸದ ಬಟ್ಟೆಯನ್ನೂ ಬಾಯಿಬಿಟ್ಟು ಕೇಳದಿದ್ದ ಅತ್ಯಾ, ಒಂದು ದಿನ ಮಾವನವರಿಗೆ ಊಟಕ್ಕೆ ಬಡಿಸುತ್ತ ನಿಂತಲ್ಲೇ ಕೇಳಿದರು. ಮದುವೆಗೆ ಮುಂಚೆ ಯಾರೋ ಅವರನ್ನು ನರಗುಂದದ ಗುಡ್ಡ ಹತ್ತಿಸಿದ್ದರಂತೆ. ಮೇಲಿಂದ ನೋಡಿದರೆ ಹೊಲಗಳೆಲ್ಲ ಇಳಕಲ್ ಸೀರೆಯ ಚೌಕಳಿಯ ಹಾಗೆ ಕಂಡಿದ್ದವಂತೆ. "ಅದಕ್ಕಿಂತ ಎತ್ತರದ್ದೊಂದು ಒಮ್ಮೆ ಹತ್ತಿ ನಿಂತು ನೋಡಬೇಕಂತ ಆಸೆ ಐತಪಾ," ಎಂದರು. ಮಾವನವರ ತುತ್ತು ಕೈಯಲ್ಲೇ ನಿಂತಿತು.

ಗದಗಿನ ಡಾಕ್ಟರು ಅತ್ಯಾನ ಎದೆಗೆ ಕೊಳವೆ ಇಟ್ಟು ಕೇಳಿ, ಈ ಎದೆ ಗುಡ್ಡ ಹತ್ತುವ ಎದೆಯಲ್ಲ ಎಂದರು. ಕೊನೆಗೆ ಒಂದು ಒಪ್ಪಂದವಾಯಿತು. ಅಲ್ಲಿ ಯಾತ್ರಿಕರನ್ನು ಬುಟ್ಟಿಯಲ್ಲಿ ಕೂಡಿಸಿ ಬೆನ್ನ ಮೇಲೆ ಹೊತ್ತೊಯ್ಯುವ ಜನ ಇರುತ್ತಾರೆ. ಅತ್ಯಾ ಬುಟ್ಟಿಯಲ್ಲಿ ಕೂತೇ ಹೋಗಬೇಕು, ಕೂತೇ ಬರಬೇಕು. ಅದನ್ನು ನೋಡಿಕೊಳ್ಳಲು ಹಿಂದಿ ಬರುವ ಸೊಸೆ ಜೊತೆಗೆ. ಹೊರಡುವ ದಿನ ಮಾವನವರು ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾನ್ನ ನಡಸಬ್ಯಾಡವಾ. ಆಕಿನ್ನ ನನಗ ತಿರುಗಿ ತಂದುಕೊಡು," ಎಂದರು. ಅವರ ಕಣ್ಣು ತುಂಬಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಗಿನ ಕಾಲಕ್ಕೆ ಮೋಟಾರು ಹೋಗುವುದು ಕಣಿವೆಯ ಬುಡದವರೆಗೆ. ಮುಂದೆ ಕಾಲುದಾರಿ. ಅಲ್ಲಿಗೆ ಮುಟ್ಟುವುದರೊಳಗೇ ನಾನು ಅರ್ಧ ಸತ್ತಿದ್ದೆ. ರೈಲು ಎಲ್ಲೋ ಘಾಟು ಹತ್ತುವಾಗ ಇಳಿಯಲು ಬಾರದೆಂದು ಅತ್ಯಾ ಎದ್ದು ನಿಂತಿದ್ದರು. ಅವರು ನಿಂತ ಮೇಲೆ ನಾನು ಹೇಗೆ ಕೂತಿರಲಿ? ಸಹ್ಯಾದ್ರಿಯನ್ನು ನಾನು ನಿಂತುಕೊಂಡೇ ದಾಟಿದ್ದೇನೆ.

ನಮ್ಮ ಗೈಡು ಆ ಬೆಟ್ಟಗಳಲ್ಲೇ ಹುಟ್ಟಿ ಬೆಳೆದ ಪಹಾಡಿ ಮನುಷ್ಯ. ಕೊರಳಲ್ಲಿ ಸೀಟಿ, ಮುಖದ ಮೇಲೆ ಒಂದೂ ನಗೆಯಿಲ್ಲ. ಬುಟ್ಟಿ ಹೊರುವವನು ನಡುವಯಸ್ಸಿನ, ಕುಳ್ಳಗಿನ ಆಳು. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು, ಅಂಗಿಯ ಭುಜ ಹಗ್ಗ ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಿರುಗುತ್ತಿತ್ತು. ಬುಟ್ಟಿಯಲ್ಲಿ ಕೂತವರ ಬೆನ್ನು ಹೊತ್ತವನ ಬೆನ್ನಿಗೆ, ಕಾಲು ಹೊರಗೆ, ಮುಖ ಹಿಂದಕ್ಕೆ. ಅಂದರೆ ಹಿಂದೆ ನಡೆಯುವ ನನ್ನ ಕಡೆಗೆ! ದಾರಿಯುದ್ದಕ್ಕೂ ಅತ್ಯಾ ನನ್ನನ್ನು ಪರೀಕ್ಷಿಸುತ್ತ ಬರುವಂಥ ಏರ್ಪಾಡು. ನೆರಿಗೆ ಎತ್ತಿ ಕಟ್ಟು, ಆ ಕಲ್ಲು ಸಡಿಲೈತಿ, ಬಾಯಿಲೆ ಉಸುರಾಡಿಸಬ್ಯಾಡ. ಕಾನ್ವೆಂಟಿನಲ್ಲಿ ಸಿಸ್ಟರುಗಳು ತಲೆಯ ಮೇಲೆ ಪುಸ್ತಕ ಇಟ್ಟು ನಡಿಗೆ ಕಲಿಸುವಾಗಲೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಅವರ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ನನ್ನ ಹೆಗಲಿಗೆ ಬಂತು. ಬುಟ್ಟಿಯವನಿಗೆ ಯಾಕೆ ಹೆಚ್ಚಿನ ಭಾರ ಎಂದು ಅವರ ವಾದ. ನಾನು ಯಾವ ಊರಿನ ಎತ್ತು ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಉಸಿರು ಬೇಕಿತ್ತಲ್ಲ.

ದಾರಿ ಮೊದಲ ಬಾರಿ ಮೇಲಕ್ಕೆ ತಿರುಗಿತು.

"ಏರು ಬಂತು, ಇಳೀತೀನಿ."

"ಅತ್ಯಾ, ಇಲ್ಲಿ ಎಲ್ಲಾ ಏರೇ ಐತ್ರಿ."

"ಹಂಗಾದ್ರ ಇಳದಬಿಡೂದಾತು."

ಆಗಿದ್ದು ಏನೆಂದರೆ, ಏರಿನಲ್ಲೆಲ್ಲ ಆ ಮನುಷ್ಯ ಖಾಲಿ ಬುಟ್ಟಿ ಹೊತ್ತು ಹತ್ತಿದ, ಅತ್ಯಾ ನಡೆದು ಹತ್ತಿದರು. ಎಲ್ಲಾದರೂ ದಾರಿ ತುಸು ಇಳಿದರೆ, ನನ್ನಂಥವಳೂ ಕುಣಿಯುತ್ತ ಹೋಗಬಹುದಾದ ಇಳಿಜಾರು ಬಂದರೆ, ಅತ್ಯಾ ಶಿಸ್ತಾಗಿ ಬುಟ್ಟಿಯಲ್ಲಿ ಕೂತರು. ನಾನು ಬೇಡಿದೆ, ಹೆದರಿಸಿದೆ, ಮಾವನವರ ಹೆಸರು ಹೇಳಿದೆ. ಹೂಂ ಎನ್ನುತ್ತಿದ್ದರು, ಮುಂದಿನ ತಿರುವಿನಲ್ಲಿ ಇಳಿಯುತ್ತಿದ್ದರು. ಬೇರೆ ಬುಟ್ಟಿಗಳನ್ನು ಹೊತ್ತವರು ನಮ್ಮವನನ್ನು ನೋಡಿ ಏನೇನೋ ಕೂಗಿ ನಗುತ್ತಿದ್ದರು. ನಿನ್ನ ಸವಾರಿಗೇ ಕಾಲು ಬಂದಿದೆಯಲ್ಲೋ, ಬುಟ್ಟಿಯಲ್ಲಿ ನೀನು ಕೂತುಬಿಡು ಎಂಬ ಅರ್ಥದ ಮಾತು. ಅವನು ಕೇಳಿಸದವನಂತೆ ನಡೆಯುತ್ತಿದ್ದ. ಬೆಳ್ಳಗಿನ ಕೂದಲ ಕೆಳಗೆ ಕಿವಿ ಮಾತ್ರ ಕೆಂಪಗಾಗುತ್ತಿತ್ತು.

ದಿನದಿಂದ ದಿನಕ್ಕೆ ನನ್ನ ಹುರುಪೆಲ್ಲ ಸೋರಿಹೋಯಿತು. ಸೊಂಟ, ಮೊಣಕಾಲು, ಹಿಮ್ಮಡಿ, ಇವು ಬೇರೆ ಬೇರೆ ಅವಯವಗಳು ಎನ್ನುವುದೇ ಮರೆತುಹೋಗಿ ಎಲ್ಲ ಸೇರಿ ಒಂದೇ ನೋವಾಗಿತ್ತು. ಬೆಟ್ಟದ ಸೌಂದರ್ಯ ಹೇಗಿತ್ತು ಎಂದು ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದರು. ನನ್ನ ಕ್ಯಾನ್ವಾಸ್ ಬೂಟಿನ ತುದಿ ಹೇಗಿತ್ತು ಎಂದು ಕೇಳಿದ್ದರೆ ಚೆನ್ನಾಗಿ ವರ್ಣಿಸುತ್ತಿದ್ದೆ.

ಆ ದಣಿವಿನಲ್ಲೂ ಒಂದು ನನ್ನ ಕಣ್ಣಿಗೆ ಬಿತ್ತು. ಅತ್ಯಾ ಇದ್ದಕ್ಕಿದ್ದಂತೆ ದಾರಿಯ ಬದಿಯ ಹೂಗಳ ಹೆಸರು ಕೇಳತೊಡಗಿದ್ದರು. ಬಾಗಿ ನಿಂತು, ಮೊಣಕಾಲಿನ ಮೇಲೆ ಕೈಯಿಟ್ಟು, ಇದ್ಯಾವ ಹೂವು ಎನ್ನುವರು. ನನಗೆ ಗೊತ್ತಿಲ್ಲ ಎಂದರೂ ಏಳುತ್ತಿರಲಿಲ್ಲ. ಮುಂದೊಂದು ಕಡೆ ಹೀಗೇ ಬಾಗಿ ನಿಂತರು. ನೋಡಿದರೆ ಅಲ್ಲಿ ಹೂವೇ ಇರಲಿಲ್ಲ. ಬರಿ ಕಲ್ಲಿತ್ತು. ಅವರ ತುಟಿ ನೇರಳೆ ಹಣ್ಣು ತಿಂದವರಂತೆ ಆಗಿತ್ತು.

ಗೈಡು ಕೂಡ ನೋಡಿದ್ದ. ತುಂಗನಾಥದ ಕೆಳಗಿನ ಕೊನೆಯ ತಂಗುಮನೆಯಲ್ಲಿ ಅವನು ನನ್ನನ್ನು ಕರೆದು ಖಡಾಖಂಡಿತ ಹೇಳಿದ. ನಾಳೆಯ ಏರು ಎಲ್ಲಕ್ಕಿಂತ ಕಡಿದು. ಮಾತಾಜಿ ಒಂದು ಸಲ ನೆಲಕ್ಕೆ ಕಾಲಿಟ್ಟರೂ ಅಲ್ಲಿಂದಲೇ ಕೆಳಗೆ ಕಳಿಸುತ್ತೇನೆ. ಇವರನ್ನು ಕೊಂದ ಪಾಪ ನನಗೆ ಬೇಡ. ನಾನು ಅತ್ಯಾಗೆ ಅದನ್ನು ಮೆತ್ತಗೆ ಮಾಡದೆ ಹಾಗೇ ಹೇಳಿದೆ. ಅವರು ರೊಟ್ಟಿ ಮುರಿಯುತ್ತಿದ್ದರು. ಮುರಿದ ದೊಡ್ಡ ತುಂಡನ್ನು ನನ್ನ ಕೈಗೆ ಕೊಟ್ಟು, ಶಿಖರ ಇಲ್ಲಿಂದ ಕಾಣುತ್ತದೇನು ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಅವರು ಕೂತರು. ಮೊದಲ ತಿರುವು ದಾಟಿತು, ಎರಡನೆಯದೂ ದಾಟಿತು. ಬುಟ್ಟಿಯ ಅಂಚು ಹಿಡಿದ ಅವರ ಬೆರಳುಗಳು ಬಿಳಿಚಿಕೊಂಡಿದ್ದವು. ಬೆನ್ನ ಹಿಂದಿನಿಂದ ಬುಟ್ಟಿಯವನ ಉಸಿರು ಕೇಳುತ್ತಿತ್ತಲ್ಲ, ಅದು ಹೆಚ್ಚಿದಂತೆಲ್ಲ ಅತ್ಯಾನ ಮುಖ ಕಿವುಚಿಕೊಳ್ಳುತ್ತಿತ್ತು. ಕಡಿದಾದ ಕಲ್ಲುಮೆಟ್ಟಿಲ ಬುಡಕ್ಕೆ ಬರುವುದಕ್ಕೂ ಅವರು ಜಾರಿ ಇಳಿಯುವುದಕ್ಕೂ ಸರಿಹೋಯಿತು. ನಾಲ್ಕು ಹೆಜ್ಜೆ ಹಾಕಿದರು. ಎದೆ ಹಿಡಿದುಕೊಂಡು ಕಲ್ಲಿನ ಮೇಲೆ ಕುಸಿದರು.

ಗೈಡಿನ ಸೀಟಿ ಕೇಳಿಸಿತು. ಮುಗಿಯಿತು, ತಿರುಗಿ ಎಂದು ಕೈ ಮಾಡಿದ. ಅತ್ಯಾ ಅವನ ಕಡೆ ನೋಡಲಿಲ್ಲ. ಮೇಲೆ ನೋಡಿದರು, ಆಮೇಲೆ ಗಂಟು ಎಲ್ಲೈತಿ ಎಂದು ನನ್ನನ್ನು ಕೇಳಿದರು, ಸಂತೆಯಿಂದ ಮನೆಗೆ ಹೊರಟವರ ಹಾಗೆ. ನನಗೆ ಅಳು ಬಂತು. ಅವರಿಗಾಗಿಯೋ ನನ್ನ ಕಾಲಿಗಾಗಿಯೋ ಹೇಳಲಾರೆ.

ಆಗ ಬುಟ್ಟಿಯವನು ಬುಟ್ಟಿಯನ್ನು ಕಲ್ಲಿಗೆ ಒರಗಿಸಿ ಬಂದು ಅತ್ಯಾನ ಮುಂದೆ ಕುಕ್ಕರಗಾಲಲ್ಲಿ ಕೂತ. ಇಷ್ಟು ದಿನದಲ್ಲಿ ಅವನು ಮಾತಾಡಿದ್ದೇ ಕಡಿಮೆ. ಮಾತಾಜಿಯನ್ನು ಒಂದು ಕೇಳಿ ಹೇಳು ಎಂದ. ಭಾರವಾಯಿತೋ ಇಲ್ಲವೋ ಎಂದು ಹೇಳಬೇಕಾದವರು ಯಾರು, ಕೂತವರೋ ಹೊತ್ತವನೋ? ಹೊತ್ತ ನಾನು ಒಂದು ದಿನವಾದರೂ ಭಾರ ಎಂದಿದ್ದೇನೆಯೇ?

ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಹೇಳುತ್ತಿರುವಾಗಲೇ ಚಾಪೆಯ ತುದಿ, ಮಣೆಯ ಮೂಲೆ ಎಲ್ಲ ಕಣ್ಣಿಗೆ ಬಂದು, ಅವನು ಹೇಳದ ಮಾತೊಂದು ನನ್ನ ಬಾಯಿಂದ ಬಂದುಬಿಟ್ಟಿತು.

"ನಮ್ಮ ಮನ್ಯಾಗರ ಯಾರಾದ್ರೂ ನಿಮಗ ಭಾರ ಅಂದಾರೇನ್ರಿ, ಅತ್ಯಾ?"

ಅತ್ಯಾ ಕಲ್ಲಿಗೆ ಒರಗಿದ್ದ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಸೆರಗಿನ ತುದಿಯಿಂದ ಬುಟ್ಟಿಯ ಮೇಲಿನ ಧೂಳು ಒರೆಸಿದರು.

"ಅನ್ನೂತನಕಾ ನಾ ಎಲ್ಲಿ ಕುಂತೀನವಾ," ಎಂದರು.

ನನ್ನ ಕಾನ್ವೆಂಟಿನ ಹಿಂದಿಗೆ ಈ ಮಾತು ದಕ್ಕಲಿಲ್ಲ. ಅವನಿಗೆ ಹೇಳಲಿಲ್ಲ. ಹೇಳುವ ಜರೂರಿಯೂ ಬೀಳಲಿಲ್ಲ. ಅವನು ಬೆನ್ನು ಕೊಟ್ಟು ಬುಟ್ಟಿಯ ಹಗ್ಗ ಏರಿಸಿಕೊಂಡು ಕಾಯುತ್ತಿದ್ದ. ಅತ್ಯಾ ಕೂತರು. ತುದಿಯಲ್ಲಲ್ಲ. ಒಳಗೆ ಸರಿದು, ಬೆನ್ನು ಒರಗಿಸಿ, ಪೂರ್ತಿ ಕೂತರು. ಗೈಡು ಸೀಟಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಮೇಲಕ್ಕೆ ತಿರುಗಿದ.

ಅಲ್ಲಿಂದ ಯಾವ ಏರಿಗೂ ಅವರು ಇಳಿಯಲಿಲ್ಲ. ನೆರಿಗೆ ಎತ್ತಿ ಕಟ್ಟು ಎಂದು ಒಂದೆರಡು ಸಲ ಹೇಳಿದರು. ಆಮೇಲೆ ಅದೂ ನಿಂತಿತು. ಅಂಚು ಹಿಡಿದಿದ್ದ ಬೆರಳುಗಳು ಒಂದೊಂದೇ ಸಡಿಲಾದವು. ತುಂಗನಾಥನ ಗುಡಿಯಲ್ಲಿ ಇಳಿದು ಕೈಮುಗಿದು ಮತ್ತೆ ಕೂತ ಮೇಲೆ, ಶಿಖರದ ದಾರಿಯಲ್ಲಿ ಅವರ ತಲೆ ಮೆಲ್ಲಗೆ ವಾಲಿತು. ನಾನು ಗಾಬರಿಯಾಗಿ ಹತ್ತಿರ ಓಡಿದೆ. ಸಣ್ಣಗೆ ಗೊರಕೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವ, ಎಲ್ಲರಿಗಿಂತ ತಡವಾಗಿ ಮಲಗುವ ಅತ್ಯಾ ನಿದ್ದೆ ಮಾಡುವುದನ್ನು ನಾನು ಅದೇ ಮೊದಲ ಸಲ ನೋಡಿದ್ದು. ತುಟಿಯ ಬಣ್ಣ ತಿಳಿಯಾಗಿತ್ತು.

ಶಿಖರ ಬಂತು. ಮೋಡ ಸರಿದು, ಹಿಮದ ಬೆಟ್ಟಗಳು ಒಂದರ ಪಕ್ಕ ಒಂದು ನಿಂತಿದ್ದವು. ಗುಂಪಿನವರೆಲ್ಲ ಕೈಮುಗಿದರು. ಅತ್ಯಾನ ಮುಖ ಮಾತ್ರ ನಾವು ಹತ್ತಿ ಬಂದ ದಿಕ್ಕಿಗಿತ್ತು. ಇದನ್ನು ನೋಡಲೆಂದೇ ಇಷ್ಟು ದೂರ ಬಂದವರು, ಎಬ್ಬಿಸಬೇಡವೇ? ಎಬ್ಬಿಸಲೇ ಎಂದು ಬುಟ್ಟಿಯವನನ್ನು ಕೇಳುತ್ತಲೇ ಭುಜ ಮುಟ್ಟಲು ಕೈ ಚಾಚಿದೆ. ಬುಟ್ಟಿಯವನು ಹಿಂತಿರುಗದೆಯೇ ತಲೆಯಾಡಿಸಿದ, ಬೇಡ. ಬುಟ್ಟಿ ಇಳಿಸಲೂ ಇಲ್ಲ, ಇಳಿಸಿದರೆ ಎಚ್ಚರವಾದೀತಲ್ಲ. ಮೊಣಕೈಯನ್ನು ಊರುಗೋಲಿನ ಮೇಲೆ ಊರಿ, ಅವರ ಭಾರವನ್ನೆಲ್ಲ ಬೆನ್ನ ಮೇಲೆ ಇಟ್ಟುಕೊಂಡು ಹಾಗೇ ನಿಂತ.

ಗಾಳಿ ಭಾರಿ ಥಂಡಿಯಿತ್ತು. ಬುಟ್ಟಿಯ ಹೊರಗೆ ತೂಗುತ್ತಿದ್ದ ಅತ್ಯಾನ ಪಾದಗಳು, ಒಡೆದ ಹಿಮ್ಮಡಿಯ ಆ ಸಣ್ಣ ಪಾದಗಳು, ಕಲ್ಲಿನಂತೆ ತಣ್ಣಗಾಗಿದ್ದವು. ನಾನು ಅವೆರಡನ್ನೂ ನನ್ನ ಸೆರಗಿನಲ್ಲಿ ಸುತ್ತಿ, ಎದೆಗೆ ಒತ್ತಿ ಹಿಡಿದುಕೊಂಡೆ. ಅವರು ತಾವಾಗಿ ಏಳುವವರೆಗೆ ನಾವಿಬ್ಬರೂ ಅಲುಗಾಡಲಿಲ್ಲ.