ಕಾಂತಮ್ಮನ ಕಿವಿಗೆ ಬಿದ್ದ ಕಾಯಿಲ್

"ಅಣ್ಣ, ಆ ಕಾಂತಮ್ಮ ಬರೀ ಕಿವಿಯಲ್ಲಿ ಕೇಳಿಯೇ ಹೇಳ್ತಾರಂತೆ, ಯಾವ ಕಾಯಿಲ್ ಸತ್ತಿದೆ ಅಂತ."

ಮೂರ್ನಾಡಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ನಿತೇಶ್ ಹೀಗೆಂದಾಗ ತೀರ್ಥಪ್ರಸಾದ್ ಕುತ್ತಿಗೆವರೆಗೆ ಬಾನೆಟ್ ಒಳಗಿದ್ದ. ಹಳೆ ಕಾರು ಮಾರಬೇಕಿತ್ತು. ಕೀ ತಿರುಗಿಸಿದರೆ ಅದು ಚಳಿಜ್ವರ ಬಂದ ಎಮ್ಮೆಯ ಹಾಗೆ ನಡುಗುತ್ತಿತ್ತು. ಐದು ಗಿರಾಕಿಗಳು ಕೂತಷ್ಟೇ ಬೇಗ ಇಳಿದು ಹೋಗಿದ್ದರು. ಇದು ಹೋಗದೆ ಬೇರೆ ಕಾರು ಬರುವಂತಿಲ್ಲ, ಬೇರೆ ಕಾರು ಬರುವವರೆಗೆ ಪಕ್ಕದಲ್ಲಿ ಕೂರುವುದಿಲ್ಲ ಎಂದು ಹೆಂಡತಿ ಅನುಪಮಾ ಹೇಳಿಯಾಗಿತ್ತು. ಆರನೇ ಗಿರಾಕಿ, ಶನಿವಾರಸಂತೆಯ ಕೀರ್ತಿಕುಮಾರ್, ಇವತ್ತು ನಾಲ್ಕು ಗಂಟೆಗೆ ಬರುವವರಿದ್ದರು.

ಬೆಳಿಗ್ಗೆ ಪಕ್ಕದ ಮನೆಯ ಬೊಳ್ಳಪ್ಪ ಪ್ಲಗ್ಗೇ ಹೋಗಿರೋದು ಎಂದು ತೀರ್ಪು ಕೊಟ್ಟಿದ್ದರು. ಸಾದಾ ಪ್ಲಗ್ ಬೇಡ, ದುಬಾರಿ ಇರಿಡಿಯಂ ಪ್ಲಗ್ಗೇ ಹಾಕಬೇಕೆಂದು ಹಟ ಹಿಡಿದಿದ್ದರು. ನಾಲ್ಕೂ ಹೊಸದು ಹಾಕಿದರೂ ನಡುಕ ನಿಲ್ಲಲಿಲ್ಲ. ಹಾಗಾದರೆ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಹೋಗಿದೆ ಎಂದ ನಿತೇಶ್. ಕಾಯಿಲ್ ಕೂಡ ನಾಲ್ಕು, ಅಂಗಡಿಯಲ್ಲಿ ಉಳಿದದ್ದು ಒಂದೇ. ಒಂದೊಂದು ಕಡೆ ಹಾಕಿ ನೋಡೋಣವೆಂದರೆ, ಸಿಕ್ಕಸಿಕ್ಕಲ್ಲಿ ಹಾಕಿದರೆ ಹೊಸದೂ ಸುಟ್ಟುಹೋಗುತ್ತದೆ ಎಂದು ಬೊಳ್ಳಪ್ಪ ಅಡ್ಡ ನಿಂತರು.

ಕಾಂತಮ್ಮನನ್ನು ಕರೆತಂದರು. ಕಾಫಿ ಎಸ್ಟೇಟಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ ಪಕ್ಕ ಮೂವತ್ತು ವರ್ಷ ದುಡಿದ ಹೆಂಗಸು. ಮರದ ಸೌಟಿನ ಒಂದು ತುದಿ ಇಂಜಿನ್ ಮೇಲೆ, ಇನ್ನೊಂದು ತುದಿ ಕಿವಿಗೆ ಇಟ್ಟು ಕಣ್ಣು ಮುಚ್ಚಿದರು.

"ಎಡದಿಂದ ಮೂರನೇದು."

ನಿತೇಶ್‌ಗೆ ನಂಬಿಕೆ ಬರಲಿಲ್ಲ. ಒಂದೊಂದೇ ಕಾಯಿಲ್‌ನ ವೈರು ಕಳಚಿ ನೋಡಿದ. ಬೇರೆ ಮೂರನ್ನು ಕಳಚಿದಾಗಲೂ ಇಂಜಿನ್ ಇನ್ನಷ್ಟು ಕುಸಿಯಿತು. ಮೂರನೆಯದನ್ನು ಕಳಚಿದರೆ ಏನೂ ಆಗಲಿಲ್ಲ.

"ಇದ್ರೂ ಒಂದೇ, ತೆಗೆದ್ರೂ ಒಂದೇ ಅಂದ್ಮೇಲೆ ಸತ್ತಿರೋದು ಅದೇ ಅಲ್ವಾ," ಎಂದರು ಕಾಂತಮ್ಮ, ಕಣ್ಣು ತೆರೆಯದೆ.

ಹೊಸ ಕಾಯಿಲ್ ಕೂತಿತು. ಇಂಜಿನ್ ಮೇಲೆ ತುಂಬಿದ ಲೋಟ ಇಟ್ಟರೂ ನೀರು ತುಳುಕಲಿಲ್ಲ. ತೀರ್ಥಪ್ರಸಾದ್ ತನಗೇ ಗೊತ್ತಿಲ್ಲದೆ ಕೈ ಮುಗಿದಿದ್ದ.

ಕಾಂತಮ್ಮ ಮಾತ್ರ ಸೌಟು ಇಳಿಸಲಿಲ್ಲ. "ಗದ್ದಲ ನಿಂತ್ಮೇಲೆ ಈಗ ಸರಿಯಾಗಿ ಕೇಳಿಸ್ತಿದೆ ನೋಡು ಪ್ರಸಾದ. ಕ್ಲಚ್ ಬೇರಿಂಗ್ ನರಳ್ತಿದೆ. ನೀರಿನ ಪಂಪು ಹಲ್ಲು ಕಡೀತಿದೆ. ಗೇರ್‌ಬಾಕ್ಸ್ ವಿಷಯ ಹೇಳೋಕೆ ನಂಗೆ ಮನಸ್ಸಿಲ್ಲ."

ಊಟಕ್ಕೆ ಹೊತ್ತಾಯಿತೆಂದು ತೀರ್ಥಪ್ರಸಾದ್ ಅವರನ್ನು ಅವಸರವಸರವಾಗಿ ತಾನೇ ಮನೆವರೆಗೆ ಬಿಟ್ಟುಬಂದ.

ನಾಲ್ಕಕ್ಕೆ ಕೀರ್ತಿಕುಮಾರ್ ಬಂದರು, ಒಂದು ಸುತ್ತು ಓಡಿಸಿದರು, ನಗುತ್ತಲೇ ಇಳಿದು ಮುಂಗಡಕ್ಕೆ ಜೇಬಿಗೆ ಕೈ ಹಾಕಿದರು. ಇಂಜಿನ್ ಇಷ್ಟು ನಯವಾಗಿ ಓಡುವ ಹಾಗೆ ಹೇಗೆ ಇಟ್ಟಿದ್ದೀರಿ ಎಂದು ಕೇಳಿದರು, ಅಷ್ಟೇ. ಬೆಳಿಗ್ಗೆಯಿಂದ ಎದೆಯಲ್ಲಿ ಉಬ್ಬುತ್ತಿದ್ದ ಬೆರಗು ತೀರ್ಥಪ್ರಸಾದನ ಬಾಯಿಂದ ಹೊರಬಿತ್ತು. ಸೌಟು, ಮುಚ್ಚಿದ ಕಣ್ಣು, ಮೂರನೇ ಕಾಯಿಲ್, ಎಲ್ಲ ಹೇಳಿದ. ಆ ಕಿವಿ ತಪ್ಪುವುದೇ ಇಲ್ಲ, ಆ ಬಾಯಿ ಸುಳ್ಳು ಆಡುವುದೇ ಇಲ್ಲ ಎಂದೂ ಸೇರಿಸಿದ.

ಕೀರ್ತಿಕುಮಾರ್ ನಿಧಾನವಾಗಿ ಜೇಬಿನಿಂದ ಖಾಲಿ ಕೈ ಹೊರತೆಗೆದರು.

"ಅಂಥವರು ಇರೋವಾಗ ನಾನ್ಯಾಕೆ ಸುಮ್ನೆ ತಲೆ ಕೆಡಿಸ್ಕೊಳ್ಲಿ ಸಾರ್. ಅವರೇ ಇನ್ನೊಂದ್ಸಲ ಇಡೀ ಗಾಡಿ ಕೇಳ್ಬಿಡ್ಲಿ. ಹೂಂ ಅಂದ್ರೆ ಅಲ್ಲೇ ಪೂರ್ತಿ ದುಡ್ಡು."

ಅವರಿಗೆ ಮೈ ಸರಿಯಿಲ್ಲ ಎಂದು ತೀರ್ಥಪ್ರಸಾದ್ ತೊದಲುವಷ್ಟರಲ್ಲಿ ಬೊಳ್ಳಪ್ಪ ಬೇಲಿ ದಾಟಿ ಕಾಂತಮ್ಮನ ಮನೆಗೆ ಓಡಿಯಾಗಿತ್ತು. ಏದುಸಿರು ಬಿಡುತ್ತ ವಾಪಸ್ ಬಂದರು.

"ನೀನೇನೂ ಯೋಚನೆ ಮಾಡ್ಬೇಡ ಮಾರಾಯ, ಒಪ್ಸಿದೀನಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬರ್ತಾರೆ."