ಸುಬೇದಾರರ ಕೋವಿ, ನನ್ನ ನೀಲಿ ಚಿಂದಿ

ಕೋವಿ ರಿಪೇರಿಯವನ ಅಂಗಡಿಗೆ ಕೋವಿ ಒಂದೇ ಬರುವುದಿಲ್ಲ, ಜೊತೆಗೆ ಒಂದು ಕಥೆಯೂ ಬರುತ್ತದೆ. ನಾನು ಹೀಗೆಂದರೆ ನನ್ನ ಹೆಂಡತಿ, "ಕಥೆ ಅಲ್ಲ, ಫಜೀತಿ" ಎಂದು ತಿದ್ದುತ್ತಾಳೆ. ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಬಂದೂಕು ಬಿಚ್ಚಿ ಜೋಡಿಸುವ ಕೆಲಸ ಮಾಡಿ, ಹವಾಲ್ದಾರನಾಗಿ ನಿವೃತ್ತನಾಗಿ, ಸೋಮವಾರಪೇಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟವನು ನಾನು. ಈಗ ಅಂಗಡಿ ಮುಚ್ಚಿದ್ದೇನೆ. ಕಥೆಗಳು ಮಾತ್ರ ಮನೆ ಬಿಟ್ಟು ಹೋಗಿಲ್ಲ.

ಗಾಳಿಬೀಡು ಕಡೆಯ ಒಬ್ಬ ಬೆಳೆಗಾರರು ಒಂದು ಸಲ ಕೋವಿ ತಂದು, "ನಳಿಗೆಯಲ್ಲಿ ಬೆಳಕೇ ಕಾಣ್ತಿಲ್ಲ, ಏನೋ ದೊಡ್ಡ ಕಾಯಿಲೆ" ಎಂದರು. ರಾಡು ಹಾಕಿ ನೂಕಿದೆ. ಮೊದಲು ಬಂದದ್ದು ಹಿಂದಿನ ವರ್ಷ ಕೈಲ್ ಮುಹೂರ್ತ ಹಬ್ಬದ ಆಯುಧಪೂಜೆಗೆ ಸಿಕ್ಕಿಸಿದ್ದ ಹೂವಿನ ಒಣ ದಂಟು. ಅದರ ಹಿಂದೆ ಬಂದದ್ದು ಕಣಜ ಕಟ್ಟಿದ ಮಣ್ಣಿನ ಗೂಡು.

"ಪುಣ್ಯಕ್ಕೆ ವರ್ಷವಿಡೀ ಇದನ್ನ ಮುಟ್ಟಿಲ್ಲ ನೀವು. ಹಾರಿಸಿದ್ರೆ ನಳಿಗೆ ಸಿಡೀತಿತ್ತು" ಎಂದೆ.

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಗೂಡಿನ ವಿಷಯ ಯಾರಿಗೂ ಹೇಳ್ಬೇಡಿ ಮಾರಾಯ್ರೆ. ವಾರಕ್ಕೆ ಎರಡು ಸಲ ಇದರಲ್ಲೇ ಗುಂಡು ಹಾರಿಸಿ ಗದ್ದೆಯಿಂದ ಕಾಡುಹಂದಿ ಓಡಿಸ್ತಿದ್ದೀನಿ ಅಂತ ಊರಿಗೆಲ್ಲ ಹೇಳಿದ್ದೀನಿ!"

ಇಂಥವು ಬೇಕಾದಷ್ಟಿವೆ. ಆದರೆ ನನಗೆ ಹೆಚ್ಚು ನೆನಪಾಗುವುದು ನಮ್ಮ ನೆರೆಯ ಸುಬೇದಾರರ ರೈಫಲ್ಲು. ಅವರೂ ಸೇನೆಯಿಂದ ಬಂದವರೇ, ನನಗಿಂತ ಹಿರಿಯರು. ಸೇನೆಯ ಅಭ್ಯಾಸದಂತೆ ನಾನು ಅವರನ್ನು ಸಾಬ್ ಎನ್ನುತ್ತಿದ್ದೆ, ಅವರು ನನ್ನನ್ನು ಹವಾಲ್ದಾರ ಎನ್ನುತ್ತಿದ್ದರು. ಸಾಬ್ ಈಗಿಲ್ಲ. ನಮ್ಮ ಕಡೆ ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಅವರ ಮನೆಯ ಕಡೆಯಿಂದ ಜೋಡಿ ಗುಂಡಿನ ಸದ್ದು ಕೇಳಿದ ದಿನ, ಅದು ಸಾವಿನ ಸುದ್ದಿಯೆಂದು ಯಾರೂ ಬಂದು ಹೇಳಬೇಕಾಗಿರಲಿಲ್ಲ. ಅಂಗಡಿಯಲ್ಲಿ ಕುಳಿತು ಅತ್ತುಬಿಟ್ಟೆ. ಆಮೇಲೆ ತಾಮ್ರದ ಪ್ರಸಂಗ ನೆನಪಾಗಿ, ಅಳುವಿನ ನಡುವೆಯೇ ನಗು ಬಂತು.

ಕಾಯಿ ತಪ್ಪಿದ ವರ್ಷ

ಕೈಲ್ ಮುಹೂರ್ತದ ದಿನ ನಮ್ಮಲ್ಲಿ ಮರದ ಮೇಲೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಅದರಲ್ಲಿ ಸಾಬ್ ಎಂದೂ ಕಾಯಿ ಬಿಟ್ಟವರಲ್ಲ. ಆ ವರ್ಷ ಮೂರು ಗುಂಡು ಹೊಡೆದರು, ಮೂರೂ ತಪ್ಪಿದವು. ಕಾಯಿ ಅಲ್ಲಾಡಲೂ ಇಲ್ಲ.

ಮರುದಿನ ಬೆಳಿಗ್ಗೆಯೇ ರೈಫಲ್ ಹೆಗಲಿಗೆ ಹಾಕಿಕೊಂಡು ಬಂದರು. ಹಿಂದೆಯೇ ಅವರ ಹೆಂಡತಿ. ಅವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ.

"ನಳಿಗೆಯಲ್ಲಿ ತಾಮ್ರ ಹಿಡಿದಿದೆ ಹವಾಲ್ದಾರ" ಎಂದರು ಸಾಬ್.

"ಕಣ್ಣಲ್ಲಿ ಪೊರೆ ಹಿಡಿದಿದೆ" ಎಂದರು ಅಕ್ಕ. "ಮೊನ್ನೆ ಗೇಟಿನ ಹತ್ತಿರ ನಿಂತಿದ್ದ ಹಸುವಿಗೆ ನಮಸ್ಕಾರ ಹೇಳಿದ್ರು."

"ಅದು ಬಿಳಿ ಹಸು. ದೂರದಿಂದ ನಮ್ಮ ಡಾಕ್ಟ್ರ ಹಾಗೇ ಕಾಣ್ತದೆ."

ಅಕ್ಕ ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟರು. "ನೋಡಿ ಹವಾಲ್ದಾರ್ರೇ, ಬರುವ ವರ್ಷವೂ ಕಾಯಿ ತಪ್ಪಿದ್ರೆ ಕೋವಿ ಗೋಡೆಗೆ, ಇವರು ಕುರ್ಚಿಗೆ. ಮತ್ತೆ ಮುಟ್ಟಲಿಕ್ಕಿಲ್ಲ."

ಸಾಬ್ ಮುಖ ಸಪ್ಪಗಾಯಿತು. ಅವರ ತಂದೆ ಹಿಡಿದ ರೈಫಲ್ಲು ಅದು. ಅದನ್ನು ಹಿಡಿಯದ ಹಬ್ಬ ಅವರ ಪಾಲಿಗೆ ಹಬ್ಬವೇ ಅಲ್ಲ.

ತಾಮ್ರದ ಮಾತು ಪೂರ್ತಿ ನೆಪವೂ ಅಲ್ಲ. ರೈಫಲ್ ಗುಂಡಿಗೆ ತಾಮ್ರದ ಹೊದಿಕೆ ಇರುತ್ತದೆ. ಪ್ರತಿ ಸಲ ಹಾರಿಸಿದಾಗಲೂ ನಳಿಗೆಯ ಒಳಗಿನ ಸುರುಳಿ ಗೆರೆಗಳಿಗೆ ಅದು ಚೂರುಚೂರು ಅಂಟುತ್ತದೆ. ವರ್ಷಗಟ್ಟಲೆ ಕೂತರೆ ಗುಂಡು ದಾರಿ ತಪ್ಪುತ್ತದೆ. ನಾನು ನಳಿಗೆಯ ಬಾಯಿಗೆ ಕಣ್ಣಿಟ್ಟು ನೋಡಿ, "ಇರಬಹುದು ಸಾಬ್" ಎಂದೆ. ನಿಜ ಹೇಳಬೇಕೆಂದರೆ ನನಗೆ ಕಂಡದ್ದು ಬರೀ ಕತ್ತಲೆ.

ಕಾಚಂಪುಳಿ ಚಿಕಿತ್ಸೆ

ತಾಮ್ರ ಬಿಡಿಸುವ ಔಷಧಿ ಮೈಸೂರಿನಿಂದ ಬರಬೇಕಿತ್ತು. ಅಷ್ಟು ಕಾಯುವ ತಾಳ್ಮೆ ಸಾಬ್‌ಗೆ ಇರಲಿಲ್ಲ, ರೈಫಲ್ ಮನೆಗೆ ಒಯ್ದರು. ನಾಲ್ಕು ದಿನ ಬಿಟ್ಟು ವಾಪಸ್ ತಂದಾಗ ನಳಿಗೆಯಿಂದ ಹಂದಿಕರಿಯ ಘಮ ಹೊಡೆಯುತ್ತಿತ್ತು. ನಮ್ಮದು ಮಾಂಸ ಮುಟ್ಟದ ಮನೆ. ನನ್ನ ಹೆಂಡತಿ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತಳು.

"ಇದಕ್ಕೆ ಎಂತ ಹಾಕಿದ್ರಿ ಸಾಬ್?"

"ಕಾಚಂಪುಳಿ."

ಹಂದಿಕರಿಗೆ ಹಾಕುವ ಕಡುಕಪ್ಪು ಹುಳಿ ಅದು. ಒಂದು ಹನಿ ನಾಲಗೆಗೆ ಬಿದ್ದರೆ ಹಲ್ಲು ಚುಳ್ಳೆನ್ನುತ್ತದೆ. ಸಾಬ್ ಹೇಳಿದ ಕಾರಣ ಕೇಳಲು ಚೆನ್ನಾಗಿಯೇ ಇತ್ತು. "ನನ್ನ ಹೆಂಡತಿ ತಾಮ್ರದ ದೀಪಕ್ಕೆ ಹುಳಿ ಹಾಕಿ ತಿಕ್ಕಿದ್ರೆ ಫಳಫಳ ಹೊಳೀತದೆ. ಮಾಮೂಲಿ ಹುಳಿಯೇ ಅಷ್ಟು ಕೆಲಸ ಮಾಡಿದ್ರೆ ಕಾಚಂಪುಳಿ ಇನ್ನೆಷ್ಟು ಮಾಡ್ಬೇಕು?"

"ದೀಪ ಹೊಳೀತದೆ ಸಾಬ್, ಆದ್ರೆ ತಾಮ್ರ ದೀಪ ಬಿಟ್ಟು ಎದ್ದು ಹೋಗ್ತದಾ?" ಎಂದೆ. ಅವರು ನಳಿಗೆಯನ್ನೊಮ್ಮೆ ಮೂಸಿ, "ಅದೂ ಹೌದು" ಎಂದರು.

ತಾಮ್ರ ಹೋಗುವುದಿರಲಿ, ಒರೆಸಿದ ಬಟ್ಟೆಗೆ ತುಕ್ಕು ಹತ್ತಿ ಬಂತು. ಅದನ್ನು ತೆಗೆದು ಎಣ್ಣೆ ಹಾಕಲು ನನಗೆ ಒಂದು ದಿನ ಹಿಡಿಯಿತು. ಸಂಜೆ ಅಕ್ಕ ಬಂದರು. ರೈಫಲ್ ಹಾಳಾಯಿತೆಂದು ಬೈಯುತ್ತಾರೆಂದುಕೊಂಡರೆ, ಅವರ ಸಂಕಟವೇ ಬೇರೆ. "ನಾಳೆ ಊಟಕ್ಕೆ ಬರ್ತೀವಿ ಅಂತ ನೆಂಟರು ಹೇಳಿದ್ದಾರೆ, ಇವರು ಇದ್ದ ಕಾಚಂಪುಳಿಯೆಲ್ಲ ಕೋವಿಗೆ ಸುರಿದಿದ್ದಾರೆ. ನಳಿಗೆಯಿಂದ ಒಂದು ಚಮಚ ಆದ್ರೂ ವಾಪಸ್ ಬರ್ತದಾ ನೋಡಿ!"

ಎಂಟು ದಿನದ ನೀಲಿ

ಕೊನೆಗೆ ಔಷಧಿ ಬಂತು. ಅದರ ವಾಸನೆ ಮೂಗಿಗೆ ಹೋದರೆ ಕಣ್ಣಲ್ಲಿ ನೀರು. ಕೆಲಸ ಸುಲಭ: ರಾಡಿನ ತುದಿಗೆ ಬಟ್ಟೆಯ ತುಂಡು, ಸೇನೆಯಲ್ಲಿ ನಾವು ಚಿಂದಿ ಎನ್ನುತ್ತಿದ್ದುದು, ಸಿಕ್ಕಿಸಿ ಔಷಧಿಯಲ್ಲಿ ಅದ್ದಿ ನಳಿಗೆಯಲ್ಲಿ ಓಡಿಸಬೇಕು. ಒಳಗೆ ತಾಮ್ರ ಇದ್ದರೆ ಚಿಂದಿ ನೀಲಿಯಾಗಿ ಬರುತ್ತದೆ. ಬೆಳ್ಳಗೆ ಬಂದರೆ ಕೆಲಸ ಮುಗಿಯಿತು.

ಮೊದಲ ದಿನ ನೀಲಿ. ಎರಡನೇ ದಿನ ನೀಲಿ. ಮೂರನೇ ದಿನ ನನಗೆ ಖುಷಿ, "ನೋಡಿದೆಯಾ, ಸಾಬ್ ಹೇಳಿದ್ದು ನಿಜ" ಎಂದು ಹೆಂಡತಿಗೆ ತೋರಿಸಿದೆ. ಐದನೇ ದಿನಕ್ಕೆ ಹೆದರಿಕೆ ಶುರುವಾಯಿತು. ಪದೇ ಪದೇ ಅದ್ದಲು ಅನುಕೂಲ ಎಂದು ಬಾಟ್ಲಿಯ ಮುಚ್ಚಳ ತೆಗೆದೇ ಇಟ್ಟಿದ್ದೆ. ಸಾಬ್ ದಿನಾ ಬಂದು ಜಗಲಿಯಲ್ಲಿ ಕುಳಿತು ನೀಲಿ ಚಿಂದಿ ಎಣಿಸಿ, "ನನ್ನ ತಂದೆಯ ಕಾಲದ್ದೂ ಇರ್ಬೇಕು" ಎಂದು ಹೆಮ್ಮೆಯಿಂದ ಹೇಳಿ ಹೋಗುತ್ತಿದ್ದರು.

ಎಂಟನೇ ದಿನ ಹೆಂಡತಿ ಕಾಫಿ ತಂದಳು. ರಾಡಿನ ತುದಿ ನೋಡಿ ನಿಂತಳು.

"ರೀ, ಚಿಂದಿ ಸಿಕ್ಕಿಸ್ತೀರಲ್ಲ, ಆ ತುದಿ ಎಂಥದ್ದು?"

"ಹಿತ್ತಾಳೆ. ಆಸೆಪಟ್ಟು ತರಿಸಿದ್ದು."

"ಹಿತ್ತಾಳೆಯಲ್ಲೂ ತಾಮ್ರ ಇರುತ್ತಲ್ವಾ? ಎಂಟು ದಿನದ ಹಿಂದೆ ಮಂಕಾಗಿತ್ತು, ಈಗ ನನ್ನ ದೇವರ ಗಂಟೆ ಹಂಗೆ ಹೊಳೀತಾ ಇದೆ."

ನಾನು ತುದಿ ನೋಡಿದೆ. ಚಿಂದಿಗಳ ರಾಶಿ ನೋಡಿದೆ. ಔಷಧಿ ಹಿತ್ತಾಳೆಯ ತಾಮ್ರವನ್ನೂ ಬಿಡಿಸುತ್ತದೆ ಎಂಬುದು ಹೊಸಬನಿಗೂ ಗೊತ್ತಿರುವ ಪಾಠ. ಇಪ್ಪತ್ತೆರಡು ವರ್ಷ ಸರ್ವೀಸಿನ ನಾನು ಎಂಟು ದಿನ ನನ್ನ ರಾಡನ್ನೇ ತೊಳೆದಿದ್ದೆ.

ತುದಿ ಬಿಚ್ಚಿ ಉಕ್ಕಿನದು ಹಾಕಿದೆ. ಚಿಂದಿ ಹಾಲಿನಂತೆ ಬೆಳ್ಳಗೆ ಬಂತು. "ಅಂತೂ ಮುಗೀತು" ಎಂದೆ. "ಹೌದಪ್ಪ, ಆ ಕೆಟ್ಟ ವಾಸನೇನೂ ಇವತ್ತು ಹೋಗಿದೆ" ಎಂದು ಅವಳೂ ಸಮಾಧಾನಪಟ್ಟಳು. ವಾಸನೆ ಯಾಕೆ ಹೋಯಿತೆಂದು ಕೇಳುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ಜನರೆದುರು ಒಂದು ಸುಳ್ಳು

ಮುಂದಿನ ಕೈಲ್ ಮುಹೂರ್ತ ಬಂತು. ಸಾಬ್ ಹಬ್ಬದ ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ನಡುಪಟ್ಟಿ ಬಿಗಿದು, ಮದುಮಗನ ಹಾಗೆ ಬಂದರು. ಮೂರು ಗುಂಡು. ಮೂರೂ ತಪ್ಪಿದವು.

ಅಕ್ಕ ಮುಂದೆ ಬಂದು ರೈಫಲ್‌ಗೆ ಕೈ ಚಾಚಿದರು. ಸಾಬ್ ಅದನ್ನು ಕೊಡುವಾಗ ಬೆರಳು ಬಿಡಿಸಲಾಗದೆ ಒದ್ದಾಡಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ ಗಟ್ಟಿಯಾಗಿ ಹೇಳಿದೆ: "ಅಕ್ಕ, ತಪ್ಪು ನನ್ನದು. ನಳಿಗೆಯಲ್ಲಿ ಇನ್ನೂ ತಾಮ್ರ ಇದೆ. ಬಿಡಿಸೋಕೆ ನನ್ನ ಕೈಲಾಗಲಿಲ್ಲ."

ಮೈದಾನವೆಲ್ಲ ನಕ್ಕಿತು. ಕಣಜದ ಗೂಡಿನ ಬೆಳೆಗಾರರು ಎಲ್ಲರಿಗಿಂತ ಜೋರಾಗಿ ನಕ್ಕರು. ಅಕ್ಕ ನನ್ನ ಮುಖ ನೋಡಿ, ಸಾಬ್ ಮುಖ ನೋಡಿ, "ಹಾಗಾದ್ರೆ ಇನ್ನೊಂದು ವರ್ಷ" ಎಂದರು.

ಆ ವರ್ಷವಿಡೀ ಸಂತೆಗೆ ಹೋದರೆ ತರಕಾರಿಯವನೂ "ತಾಮ್ರ ಬಿಡ್ತಾ ಹವಾಲ್ದಾರ್ರೇ?" ಎನ್ನುತ್ತಿದ್ದ. ನಾನು ಸಹಿಸಿಕೊಂಡೆ. ಒಳಗೊಳಗೇ ಹೆಮ್ಮೆಯೂ ಇತ್ತು. ಬದುಕಿನಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಅದೊಂದೇ ಒಳ್ಳೆಯ ಸುಳ್ಳು ಎಂದುಕೊಂಡಿದ್ದೆ.

ಕಣ್ಣು ಬಂದ ಮೇಲೆ

ಸುಳ್ಳು ಹೇಳಿದ ಸಲುಗೆಯಲ್ಲಿ ಸಾಬ್‌ಗೆ ಒತ್ತಾಯ ಮಾಡಿ ಮಡಿಕೇರಿಗೆ ಕರೆದುಕೊಂಡು ಹೋಗಿ ಕಣ್ಣಿನ ಪೊರೆ ತೆಗೆಸಿದೆ. ತಿಂಗಳಾದ ಮೇಲೆ ರೈಫಲ್ ಹಿಡಿದು ಅಂಗಡಿಗೆ ಬಂದರು. ಮೊದಲು ನನ್ನನ್ನೇ ದಿಟ್ಟಿಸಿ, "ಇಷ್ಟು ವಯಸ್ಸಾಯ್ತಾ ನಿನಗೆ!" ಎಂದರು. ಆಮೇಲೆ ರೈಫಲ್ ಎತ್ತಿ ನಳಿಗೆಯ ಬಾಯಿ ಬೆಳಕಿಗೆ ಹಿಡಿದರು.

"ಹವಾಲ್ದಾರ, ತಾಮ್ರ ಇದೆ."

ನಕ್ಕೆ. "ಇಲ್ಲ ಸಾಬ್" ಎನ್ನುತ್ತಾ ನಾನೂ ನೋಡಿದೆ. ಏನೂ ಕಾಣಲಿಲ್ಲ. ಹೆಂಡತಿಯನ್ನು ಕರೆದೆ. ಅವಳು ಒಂದು ಕಣ್ಣು ಮುಚ್ಚಿ ಇಣುಕಿ, "ಗೆರೆ ಗೆರೆಯಾಗಿ ಕೆಂಪಗೆ ಕಾಣ್ತಾ ಇದೆಯಲ್ರೀ, ನನ್ನ ತಾಮ್ರದ ಚೊಂಬಿನ ಬಣ್ಣ" ಎಂದಳು.

ಆಗ ತಲೆಗೆ ಹೊಳೆಯಿತು. ಎಂಟು ದಿನ ಮುಚ್ಚಳ ತೆಗೆದಿಟ್ಟು ಔಷಧಿಯ ಘಾಟೂ ಅದರ ಜೊತೆ ಶಕ್ತಿಯೂ ಹಾರಿಹೋಗಿತ್ತು. ಸತ್ತ ಔಷಧಿಯಲ್ಲಿ ಅದ್ದಿದ ಚಿಂದಿ ಬೆಳ್ಳಗೆ ಬರದೆ ಇನ್ನೇನು ಬಂದೀತು! ಹೊಸ ಬಾಟ್ಲಿ ತರಿಸಿ, ಉಕ್ಕಿನ ತುದಿ ಹಾಕಿ, ಮುಚ್ಚಳ ಮುಚ್ಚಿಟ್ಟು ಉಜ್ಜಿದೆ. ಕಡುನೀಲಿ ಬಂತು, ತಿಳಿನೀಲಿ ಬಂತು, ಕೊನೆಗೆ ಬೆಳ್ಳಗೆ ಬಂತು. ಈ ಸಲ ನಳಿಗೆಯನ್ನು ಹೆಂಡತಿಯೇ ನೋಡಿ ಪಾಸು ಮಾಡಿದಳು.

ಮುಂದಿನ ಹಬ್ಬದಲ್ಲಿ ಸಾಬ್ ಮೊದಲ ಗುಂಡಿಗೇ ಕಾಯಿ ಒಡೆದರು. ಚೂರುಗಳು ಕೆಳಗೆ ಬೀಳುವ ಮೊದಲೇ ಅಕ್ಕ ಚಪ್ಪಾಳೆ ಹೊಡೆಯುತ್ತಿದ್ದರು. ಸಾಬ್ ಎರಡನೇ ಗುಂಡು ಹೊಡೆಯಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದು ಭುಜ ಹಿಡಿದರು, ಕಣ್ಣು ತುಂಬಿಕೊಂಡಿತ್ತು.

"ಹೋದ ವರ್ಷ ನನ್ನ ಮರ್ಯಾದೆ ಉಳಿಸಲಿಕ್ಕೆ ನೀನು ಸುಳ್ಳು ಹೇಳಿದೆ ಅಂತ ಆವತ್ತೇ ಗೊತ್ತಾಗಿತ್ತು. ಎಷ್ಟು ದೊಡ್ಡ ಮನುಷ್ಯ ಅಂತ ವರ್ಷವಿಡೀ ನೆನೆಸಿಕೊಂಡೆ."

ನಾನು ಅವರ ಕೈ ಹಿಡಿದುಕೊಂಡೆ.

"ನೋಡಿದ್ರೆ ನೀನು ಹೇಳಿದ್ದು ನಿಜವೇ!" ಎಂದು ಸಾಬ್ ಗದರಿದರು. ಕುಪ್ಯದೊಳಗಿನಿಂದ ಕಣ್ಣಿನ ಡಾಕ್ಟರ ಚೀಟಿ ತೆಗೆದು ನನ್ನ ಕೈಯಲ್ಲಿಟ್ಟರು. "ಇಪ್ಪತ್ತೆರಡು ವರ್ಷ ಸರ್ವೀಸು. ಒಂದು ಸುಳ್ಳನ್ನೂ ನೆಟ್ಟಗೆ ಹೇಳ್ಲಿಕ್ಕೆ ಬರೋದಿಲ್ಲ ನಿನಗೆ. ಮಂಗಳವಾರ ಹತ್ತು ಗಂಟೆಗೆ ಹೇಳಿಟ್ಟಿದ್ದೀನಿ, ಹೋಗಿ ನಿನ್ನ ಕಣ್ಣು ತೋರಿಸಿಕೊಂಡು ಬಾ."